ಗುಡ್ಡ ಕಡಿದವರ ಹೆಸರೇನು?

ಕುಮಟಾ ತಾಲ್ಲೂಕಿನ ಬಾಡ ಮತ್ತು ಸುತ್ತಲಿನ ಊರುಗಳ ತೋಟಿಗರು ಮುಂಗಾರಿಗೆ ಮೊದಲು ಪೇಟೆಗೆ ಬಂದು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಕೊಂಡೊಯ್ಯುತ್ತಾರೆ. ಆ ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಎಲ್ಲವೂ ಇರಬೇಕು. ಮಾರುವ ಅಂಗಡಿಯವನು 1968ರ ಕೀಟನಾಶಕ ಕಾಯ್ದೆಯಂತೆ ಪರವಾನಗಿ ಪಡೆದಿರಬೇಕು. ಬೀಜದ ಚೀಲಕ್ಕೂ ಚೀಟಿಯಿದೆ, ಗೊಬ್ಬರದ ಚೀಲಕ್ಕೂ ಚೀಟಿಯಿದೆ. ಔಷಧಿ ಕಳಪೆಯಾಗಿ ಫಸಲು ಉದುರಿದರೆ ಯಾರನ್ನು ಕೇಳಬೇಕೆಂಬುದು ಹತ್ತು ಗುಂಟೆ ತೋಟದ ಒಡೆಯನಿಗೂ ತಿಳಿದಿದೆ.

ಅದೇ ತೋಟಿಗ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೊರಟನೆನ್ನಿ. ದಾರಿಯುದ್ದಕ್ಕೂ ಗುಡ್ಡಗಳನ್ನು ನೆಟ್ಟಗೆ ಕಡಿದ ಕೆಂಪು ಧರೆಗಳು ಬಸ್ಸಿನ ಕಿಟಕಿಗೆ ತಾಗುವಂತೆ ನಿಂತಿವೆ. ಆ ಧರೆಯನ್ನು ಎಷ್ಟು ಎತ್ತರಕ್ಕೆ, ಎಷ್ಟು ಓರೆಯಾಗಿ ಕಡಿಯಬಹುದೆಂದು ನಿರ್ಧರಿಸಿದವರು ಯಾರು? ಮಣ್ಣು ಪರೀಕ್ಷಿಸಿದವರು ಯಾರು? ಇದು ಮಳೆಗಾಲವನ್ನು ತಾಳುತ್ತದೆ ಎಂದು ಸಹಿ ಹಾಕಿದವರು ಯಾರು? ಯಾವ ಚೀಟಿಯೂ ಇಲ್ಲ. ಶಂಕುಸ್ಥಾಪನೆಯ ಕಲ್ಲಿನಲ್ಲಿ ಮಂತ್ರಿಗಳ ಹೆಸರಿದೆ, ಶಾಸಕರ ಹೆಸರಿದೆ, ಅಧ್ಯಕ್ಷತೆ ವಹಿಸಿದವರ ಹೆಸರೂ ಇದೆ. ಗುಡ್ಡ ಕಡಿಯಲು ಗೆರೆ ಎಳೆದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಶಿರೂರಿನ ಬೆಳಗು

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ರಸ್ತೆಯ ಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ, ಚಹಾ ಕುಡಿಯಲು ವಾಹನ ನಿಲ್ಲಿಸಿದ್ದ ಚಾಲಕರು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಬಿದ್ದರು. ನದಿಗೆ ಬಿದ್ದ ಮಣ್ಣು ಎಬ್ಬಿಸಿದ ನೀರು ಎದುರು ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಒಟ್ಟು ಹನ್ನೊಂದು ಜನರನ್ನು ಆ ಗುಡ್ಡ ಕಬಳಿಸಿತು. ಕೇರಳದ ಒಂದು ಲಾರಿ ಮತ್ತು ಅದರ ಚಾಲಕನ ಶವ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳು ಕಳೆದ ಮೇಲೆ.

ಇದು ಮೊದಲನೆಯದೂ ಅಲ್ಲ. 2017ರ ಜೂನ್‌ನಲ್ಲಿ ಕುಮಟಾ ತಾಲ್ಲೂಕಿನ ತಂಡ್ರಕುಳಿಯಲ್ಲಿ ಹೆದ್ದಾರಿ ಬದಿಯ ಗುಡ್ಡದ ಮಣ್ಣು ಮನೆಯ ಮೇಲೆ ಬಿದ್ದು ಮಕ್ಕಳು ಸತ್ತಿದ್ದರು. ಆಗಲೇ ಎಚ್ಚರಿಕೆ ಸಿಕ್ಕಿತ್ತು. ಏಳು ವರ್ಷಗಳ ನಂತರ ಅದೇ ಹೆದ್ದಾರಿಯಲ್ಲಿ, ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ ಶಿರೂರು ನಡೆಯಿತು. ಶಿರೂರು ನಡೆದು ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ನದಿಗೆ ಬಿತ್ತು. ಲಾರಿಯೊಂದಿಗೆ ಬಿದ್ದ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಹಗಲಾಗಿದ್ದರೆ ಎಷ್ಟು ಬಸ್ಸುಗಳು ಅದರ ಮೇಲಿರುತ್ತಿದ್ದವೋ ಊಹಿಸಿಕೊಳ್ಳಬಹುದು.

ಮಳೆಯ ಮೇಲೆ ಹೊರಿಸಿದ ತಪ್ಪು

ಪ್ರತಿ ಕುಸಿತದ ನಂತರವೂ ಒಂದೇ ಮಾತು ಕೇಳಿಬರುತ್ತದೆ: ಮಳೆ ಹೆಚ್ಚಾಯಿತು, ಇದು ನೈಸರ್ಗಿಕ ವಿಕೋಪ. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ ಎಂಬುದು ಶಾಲೆಯ ಭೂಗೋಳದ ಪುಸ್ತಕದಲ್ಲಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನಕ್ಷೆ ರಾಜಸ್ಥಾನಕ್ಕೆ ಹೊಂದಬಹುದೇ ಹೊರತು ಕುಮಟಾ, ಹೊನ್ನಾವರ, ಭಟ್ಕಳಗಳಿಗೆ ಹೊಂದುವುದಿಲ್ಲ.

ಇಲ್ಲಿನ ಗುಡ್ಡಗಳ ರಚನೆ ಬಾವಿ ತೋಡುವವರಿಗೆಲ್ಲ ಗೊತ್ತಿರುವ ಸಂಗತಿ. ಮೇಲೆ ಗಟ್ಟಿಯಾದ ಚಿರೆಕಲ್ಲಿನ ಪದರ; ಅದರಲ್ಲಿ ಸಾವಿರಾರು ಸಣ್ಣ ರಂಧ್ರಗಳು. ಕೆಳಗೆ ಬಿಳಿಯ, ಹಳದಿಯ, ನೇರಳೆ ಬಣ್ಣದ ನುಣ್ಣನೆಯ ಶೇಡಿ ಮಣ್ಣು. ಮಳೆಯ ನೀರು ಚಿರೆಕಲ್ಲನ್ನು ದಾಟಿ ಶೇಡಿಯನ್ನು ಸೇರುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಶೇಡಿ ನೀರು ಕುಡಿದಾಗ ಬಿಗಿ ಕಳೆದುಕೊಂಡು ಜಾರುತ್ತದೆ. ಗುಡ್ಡದ ಬುಡವೇ ಅದರ ಆನಿಕೆ. ಬುಡವನ್ನು ನೆಟ್ಟಗೆ ಕಡಿದರೆ, ಮೇಲಿನ ಚಿರೆಕಲ್ಲಿನ ಭಾರವೆಲ್ಲ ಆನಿಕೆಯಿಲ್ಲದೆ ಒದ್ದೆ ಶೇಡಿಯ ಮೇಲೆ ಕುಳಿತಂತಾಗುತ್ತದೆ. ಚಳಿಗಾಲ, ಬೇಸಿಗೆಗಳಲ್ಲಿ ಅದು ನಿಂತೇ ಇರುತ್ತದೆ; ಕಾಮಗಾರಿಯ ಬಿಲ್ಲೂ ಪಾಸಾಗುತ್ತದೆ. ಉತ್ತರ ಕೊಡುವುದು ಆಷಾಢ.

ಇದಕ್ಕೆ ಪರಿಹಾರವೂ ಹೊಸ ವಿದ್ಯೆಯಲ್ಲ. ಧರೆಯನ್ನು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಗುಡ್ಡದ ನೆತ್ತಿಯಲ್ಲಿ ಅಗಳ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ತಡೆಗೋಡೆ ಕಟ್ಟುವುದಾದರೆ ಹಿಂದಿನ ನೀರು ಹೊರಬರಲು ಕಿಂಡಿಗಳನ್ನು ಬಿಡಬೇಕು. ಮೇಲಿನ ಮರಗಿಡಗಳನ್ನು ಉಳಿಸಬೇಕು. ಬಸಿಗಾಲುವೆ ಇಲ್ಲದ ತೋಟ ಉಳಿಯುವುದಿಲ್ಲವೆಂದು ಘಟ್ಟದ ಅಡಿಕೆ ಬೆಳೆಗಾರ ತಲೆಮಾರುಗಳಿಂದ ತಿಳಿದಿದ್ದಾನೆ. ಭಾರತೀಯ ರಸ್ತೆ ಕಾಂಗ್ರೆಸ್ಸು 1998ರಲ್ಲಿಯೇ ಗುಡ್ಡಗಾಡಿನ ರಸ್ತೆಗಳಿಗೆಂದು ಪ್ರತ್ಯೇಕ ಕೈಪಿಡಿಯನ್ನು ಪ್ರಕಟಿಸಿದೆ. ತಿಳಿವಳಿಕೆ ಇತ್ತು. ಆದರೆ ಅದನ್ನು ಪಾಲಿಸದಿದ್ದರೆ ಇಂಥವರು ಉತ್ತರಿಸಬೇಕು ಎಂಬ ಏರ್ಪಾಡು ಇರಲಿಲ್ಲ.

ರಸ್ತೆಗಾಗಿ ಕಡಿಯದ ಗುಡ್ಡಗಳೂ ಕುಸಿದಿವೆಯಲ್ಲ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನ್ಯಾಯವಾದದ್ದೇ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದ ಬಳಿ ಗುಡ್ಡ ಕುಸಿದು ಹತ್ತೊಂಬತ್ತು ಜನ ಸತ್ತರು. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದೇ ಮನೆಯ ನಾಲ್ವರು ಮಣ್ಣುಪಾಲಾದರು. ಇಲ್ಲಿನ ಗುಡ್ಡಗಳು ತಾವಾಗಿಯೇ ಅಷ್ಟು ಸೂಕ್ಷ್ಮ ಎಂಬುದಕ್ಕೆ ಇವು ಸಾಕ್ಷಿ. ಹಾಗಿರುವಾಗ ಅವಕ್ಕೆ ಯಂತ್ರ ಹಚ್ಚುವ ಮೊದಲು ತಿಳಿದವರೊಬ್ಬರು ಪರೀಕ್ಷಿಸಿ ತಮ್ಮ ಹೆಸರಿನಲ್ಲಿ ಹೊಣೆ ಹೊರಬೇಕಾದ ಅಗತ್ಯ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಾಲ್ಕು ಕೈ, ಹೆಸರಿಲ್ಲದ ಹೊಣೆ

ಹೆದ್ದಾರಿ ಕಾಮಗಾರಿಯ ಹೊಣೆ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಗ್ರಾಮಸ್ಥರು ತಿಳಿಯಬೇಕು. ರಸ್ತೆಯ ಒಡೆತನ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಸವಿವರ ಯೋಜನಾ ವರದಿ ತಯಾರಿಸುವುದು ಒಂದು ಸಲಹಾ ಸಂಸ್ಥೆ. ಕಟ್ಟುವುದು, ಟೋಲ್ ಎತ್ತುವುದು ಗುತ್ತಿಗೆ ಪಡೆದ ಸಂಸ್ಥೆ. ಉತ್ತರ ಕನ್ನಡದ ಚತುಷ್ಪಥದಲ್ಲಿ ಅದು ಐಆರ್‌ಬಿ. ಮೇಲ್ವಿಚಾರಣೆಗೆ ‘ಸ್ವತಂತ್ರ ಎಂಜಿನಿಯರ್’ ಎಂಬ ಹೆಸರಿನ ಇನ್ನೊಂದು ಸಂಸ್ಥೆ. ಹೆಸರು ಎಂಜಿನಿಯರ್, ಆದರೆ ಅದು ವ್ಯಕ್ತಿಯಲ್ಲ, ಕಂಪನಿ.

ಗುಡ್ಡ ಕುಸಿದಾಗ ಪ್ರಾಧಿಕಾರ ಗುತ್ತಿಗೆದಾರರತ್ತ ಕೈ ತೋರಿಸಬಹುದು. ಗುತ್ತಿಗೆದಾರರು ತಮಗೆ ಕೊಟ್ಟ ನಕ್ಷೆಯನ್ನೂ ಸಿಕ್ಕ ಜಾಗವನ್ನೂ ತೋರಿಸಬಹುದು. ನಕ್ಷೆ ಮಾಡಿದವರು ತಮ್ಮ ಒಪ್ಪಂದ ಮುಗಿದು ಎಷ್ಟೋ ವರ್ಷವಾಯಿತೆನ್ನಬಹುದು. ಶಿರೂರಿನ ವಿಷಯದಲ್ಲಿ ಅಪರಾಧ ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆ ತೀರ್ಪನ್ನು ಇಲ್ಲಿ ಮೊದಲೇ ಬರೆಯಬೇಕಾಗಿಲ್ಲ. ಆದರೆ ಕ್ರಿಮಿನಲ್ ಕಾನೂನು ಬರುವುದು ಹೆಣ ಬಿದ್ದ ಮೇಲೆ. ಹೆಣ ಬೀಳುವ ಮೊದಲು ಎಂಜಿನಿಯರನ ಕೈಯನ್ನು ತಡೆದು ‘ಇದಕ್ಕೆ ಸಹಿ ಹಾಕಿದರೆ ನನ್ನ ವೃತ್ತಿಯೇ ಹೋದೀತು’ ಎಂದು ಯೋಚಿಸುವಂತೆ ಮಾಡುವ ಕಾನೂನು ಬೇರೆಯೇ ಇದೆ. ಅದು ವೃತ್ತಿ ಪರವಾನಗಿಯ ಕಾನೂನು. ಭಾರತದ ಎಂಜಿನಿಯರರಿಗೆ ಅದು ಅನ್ವಯಿಸುವುದಿಲ್ಲ, ಏಕೆಂದರೆ ಅಂಥ ರಾಷ್ಟ್ರೀಯ ಕಾನೂನೇ ಇಲ್ಲ.

ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆಯಿದೆ, ವಕೀಲರಿಗೆ 1961ರದು, ವಾಸ್ತುಶಿಲ್ಪಿಗಳಿಗೆ 1972ರದು, ಪಶುವೈದ್ಯರಿಗೆ 1984ರದು. ವೈದ್ಯರ ಮಂಡಳಿಯಂತೂ ಸ್ವಾತಂತ್ರ್ಯಕ್ಕಿಂತ ಹಳೆಯದು. ದನಕ್ಕೆ ಚುಚ್ಚುಮದ್ದು ಕೊಡುವ ಡಾಕ್ಟರು ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು. ಸಾವಿರಾರು ಜನ ದಿನವೂ ಹಾದುಹೋಗುವ ಗುಡ್ಡಕ್ಕೆ ಓರೆ ನಿಗದಿ ಮಾಡುವವನಿಗೆ ಪದವಿ ಪತ್ರ ಸಾಕು. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ‘ಚಾರ್ಟರ್ಡ್ ಎಂಜಿನಿಯರ್’ ಎಂಬ ಮನ್ನಣೆ ಕೊಡುತ್ತದೆ. ಅದು ಬಯಸಿದವರು ಪಡೆಯುವ ಗೌರವವೇ ಹೊರತು ಕಡ್ಡಾಯವಲ್ಲ. ಪಟ್ಟಣದಲ್ಲಿ ಎರಡಂತಸ್ತಿನ ಮನೆ ಕಟ್ಟಲು ಹೊರಟವನು ನಕ್ಷೆಗೆ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿದ ಎಂಜಿನಿಯರನ ಸಹಿ ತರಬೇಕು. ಬೆಟ್ಟವನ್ನೇ ಎರಡು ಹೋಳು ಮಾಡುವವರಿಗೆ ಇಂಥ ವೃತ್ತಿ ನೋಂದಣಿಯ ಕಟ್ಟಿಲ್ಲ.

ಇದು ಎಂಜಿನಿಯರರನ್ನಷ್ಟೇ ದೂರುವ ಮಾತಲ್ಲ. ರೈತನಿಗೆ ಇಂಥ ವಿಷವನ್ನು ಇಷ್ಟು ಸಿಂಪಡಿಸೆಂದು ಸಲಹೆ ಕೊಡುವ ಕೃಷಿ ಪದವೀಧರರಿಗೂ ಅಂಥ ಮಂಡಳಿಯಿಲ್ಲ. ಮಣ್ಣು, ನೀರುಗಳನ್ನು ಮುಟ್ಟುವ ವಿದ್ಯೆಗಳೆಲ್ಲ ಈ ದೇಶದಲ್ಲಿ ಹೊಣೆಯಿಲ್ಲದೆಯೇ ಬೆಳೆದಿವೆ.

ದಾಂಡೇಲಿ ಕಲಿಸಿದ ಪಾಠ

ಹೊಣೆಯಿಲ್ಲದ ಪರಿಣತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಈ ಜಿಲ್ಲೆ ಬಹಳ ಹಿಂದೆಯೇ ಕಂಡಿದೆ. 2000ದಲ್ಲಿ ಮುರ್ಡೇಶ್ವರ ಪವರ್ ಕಾರ್ಪೊರೇಷನ್ ದಾಂಡೇಲಿಯ ಬಳಿ ಕಾಳಿ ನದಿಗೆ ಇನ್ನೊಂದು ಅಣೆಕಟ್ಟು ಕಟ್ಟಲು ಹೊರಟಿತ್ತು. ಪರಿಸರ ಪರಿಣಾಮದ ವರದಿ ಬರೆದದ್ದು ಜಗತ್ಪ್ರಸಿದ್ಧ ಅರ್ನ್‌ಸ್ಟ್ ಅಂಡ್ ಯಂಗ್ ಸಂಸ್ಥೆ. ಪರಿಸರ ಕಾರ್ಯಕರ್ತರು ಕುಳಿತು ಓದಿದಾಗ ತಿಳಿದದ್ದೇನು? ವರದಿಯ ಬಹುಭಾಗ ತಟ್ಟಿಹಳ್ಳ ಯೋಜನೆಗಾಗಿ ಬೆಂಗಳೂರಿನ ಬೇರೊಂದು ಸಂಸ್ಥೆ ಮೊದಲೇ ಬರೆದಿದ್ದ ವರದಿಯ ನಕಲು! ಒಂದು ಹಳ್ಳದ ಕಾಡು, ಪ್ರಾಣಿ, ಜನರನ್ನು ಇನ್ನೊಂದು ನದಿಗೆ ಅಂಟಿಸಲಾಗಿತ್ತು. ಬಯಲಾದ ಮೇಲೆ ವರದಿಯನ್ನು ಹಿಂದೆಗೆದುಕೊಳ್ಳಲಾಯಿತು, ಬೇರೆ ಸಂಸ್ಥೆಗೆ ಹೊಸ ವರದಿಯ ಕೆಲಸ ಹೋಯಿತು. ಶಾಲೆಯ ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗ ಡಿಬಾರ್ ಆಗುತ್ತಾನೆ. ಇಲ್ಲಿ ಆ ಪುಟಗಳಿಗಾಗಿ ಯಾರ ಪರವಾನಗಿಯೂ ರದ್ದಾಗುವಂತಿರಲಿಲ್ಲ. ರದ್ದು ಮಾಡಲು ಪರವಾನಗಿ ಎಂಬುದೇ ಇರಲಿಲ್ಲ.

ಆ ನಂತರ ಇಂಥ ಸಲಹಾ ಸಂಸ್ಥೆಗಳಿಗೆ ಮಾನ್ಯತೆ ನೀಡುವ ಪದ್ಧತಿ ಬಂತು. ಆದರೆ ಮೂಲದ ದೋಷ ಉಳಿದೇ ಇದೆ: ವರದಿ ಬರೆಯುವವರಿಗೆ ಹಣ ಕೊಡುವವರು ಯೋಜನೆ ಬೇಕೆನ್ನುವವರೇ.

ಬೇರೆಡೆ ಹೇಗಾಯಿತು

1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹೋಟೆಲೊಂದರಲ್ಲಿ ತೂಗುಹಾದಿಗಳು ಕುಸಿದು 114 ಜನ ಸತ್ತರು. ಎರಡು ಹಂತದ ಹಾದಿಗಳನ್ನು ಒಂದೇ ಉದ್ದನೆಯ ಸರಳಿನಿಂದ ತೂಗಬೇಕೆಂಬುದು ಮೊದಲ ನಕ್ಷೆ. ಕೆಲಸಕ್ಕೆ ಸುಲಭವೆಂದು ಒಂದರ ಬದಲು ಎರಡು ಸರಳು ಮಾಡಿದರು. ಕೆಳಗಿನ ಹಾದಿ ಮೇಲಿನ ಹಾದಿಗೆ ಜೋತುಬಿದ್ದಂತಾಗಿ ಮೇಲಿನ ಜೋಡಣೆಯ ಮೇಲೆ ಭಾರ ಇಮ್ಮಡಿಯಾಯಿತು. ಬದಲಾದ ನಕ್ಷೆಗೆ ಲೆಕ್ಕ ಮಾಡದೆಯೇ ಎಂಜಿನಿಯರರ ಮುದ್ರೆ ಬಿದ್ದಿತ್ತು. ಅವರ ಮೇಲೆ ಕ್ರಿಮಿನಲ್ ಶಿಕ್ಷೆಯಾಗಲಿಲ್ಲ. ಆದರೆ ಮಿಸ್ಸೌರಿ ರಾಜ್ಯದಲ್ಲಿ ಹೊಣೆಗಾರ ಎಂಜಿನಿಯರರು ಪರವಾನಗಿ ಕಳೆದುಕೊಂಡರು. ‘ಅದು ಕೆಳಗಿನವರು ಮಾಡಿದ ಬದಲಾವಣೆ’ ಎಂಬ ಮಾತು ನಡೆಯಲಿಲ್ಲ. ಮುದ್ರೆ ಯಾರದೋ ಹೊಣೆ ಅವರದೇ ಎಂದಾಯಿತು.

ಅದಕ್ಕಿಂತ ಮೊದಲು, 1928ರ ಮಾರ್ಚ್ 12ರಂದು, ಕ್ಯಾಲಿಫೋರ್ನಿಯದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಮಧ್ಯರಾತ್ರಿಯ ಹೊತ್ತಿಗೆ ಒಡೆದು ನಾಲ್ಕು ನೂರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಅದನ್ನು ಕಟ್ಟಿಸಿದ ಪ್ರಸಿದ್ಧ ಎಂಜಿನಿಯರ್ ಮುಲ್‌ಹಾಲೆಂಡ್ ಅದೇ ದಿನ ಬಂದು ಜಿನುಗುವ ನೀರನ್ನು ನೋಡಿ, ಅಪಾಯವಿಲ್ಲವೆಂದು ಹೇಳಿ ಹೋಗಿದ್ದರು. ಕೀರ್ತಿವಂತನ ಮಾತನ್ನು ಮರುಪರೀಕ್ಷಿಸುವವರು ಇರಲಿಲ್ಲ. ಮರುವರ್ಷವೇ ಆ ರಾಜ್ಯ ಸಿವಿಲ್ ಎಂಜಿನಿಯರರ ನೋಂದಣಿಗೂ ಅಣೆಕಟ್ಟುಗಳ ಸರ್ಕಾರಿ ತಪಾಸಣೆಗೂ ಕಾನೂನು ಮಾಡಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟ ರೈಲು ಮಹಾರಾಷ್ಟ್ರದ ವೈಭವವಾಡಿಯ ಬಳಿ ಹಳಿಯ ಮೇಲೆ ಕುಸಿದ ಧರೆಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಕೊಂಕಣ ರೈಲ್ವೆ ಆ ನಂತರ ಧರೆಗಳ ಓರೆ ತಗ್ಗಿಸಿತು, ಬಂಡೆಗಳಿಗೆ ಬಲೆ ಹೊದಿಸಿತು. ಪ್ರತಿ ಮಳೆಗಾಲಕ್ಕೂ ರೈಲಿನ ವೇಗ ಇಳಿಸಿ ಪ್ರತ್ಯೇಕ ವೇಳಾಪಟ್ಟಿ ಹೊರಡಿಸುತ್ತದೆ. ರಾತ್ರಿಯ ಮಳೆಯಲ್ಲಿ ಗಸ್ತಿನವರು ಹಳಿಗುಂಟ ನಡೆಯುತ್ತಾರೆ. ಹೊಸ ರೈಲುಮಾರ್ಗದಲ್ಲಿ ಪ್ರಯಾಣಿಕರನ್ನು ಒಯ್ಯಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷಿಸಿ ಒಪ್ಪಿಗೆ ನೀಡಬೇಕು. ಅವರು ರೈಲ್ವೆ ಸಚಿವಾಲಯದ ಕೈಕೆಳಗಿನವರಲ್ಲ. ಇದರಿಂದ ರೈಲು ಅಪಘಾತಗಳೆಲ್ಲ ನಿಂತಿವೆಯೆಂದಲ್ಲ. ಆದರೆ ಅದೇ ಗುಡ್ಡಗಳ ಸಾಲಿನಲ್ಲಿ, ಅದೇ ಮಳೆಯಲ್ಲಿ ರೈಲಿಗೆ ಇರುವ ಈ ಕಟ್ಟು ಹೆದ್ದಾರಿಗೆ ಏಕಿಲ್ಲ?

ಆಕ್ಷೇಪಗಳಿಗೆ ಉತ್ತರ

ಪರವಾನಗಿ ಇನ್ನೊಂದು ಲಂಚದ ಬಾಗಿಲಾದೀತು ಎಂದು ಅನುಭವಸ್ಥರು ಹೇಳುತ್ತಾರೆ. ನೋಂದಾಯಿತ ವೈದ್ಯರಲ್ಲಿ ದುರಾಶೆಯವರಿಲ್ಲವೇ, ವಕೀಲರಲ್ಲಿ ಮೋಸಗಾರರಿಲ್ಲವೇ ಎಂದು ಕೇಳುತ್ತಾರೆ. ಇದ್ದಾರೆ. ಆದರೆ ತಪ್ಪು ಮಾಡಿದ ವೈದ್ಯನ ಹೆಸರು ಹಿಡಿದು ಹೋಗಲು ಒಂದು ಮಂಡಳಿಯಿದೆ. ಗುಡ್ಡ ಕುಸಿದ ಊರಿನವರು ಹೋಗಬೇಕಾದ ಮಂಡಳಿ ಎಲ್ಲಿದೆ? ಬಾಗಿಲು ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು. ಬಾಗಿಲೇ ಇಲ್ಲದ ಗೋಡೆಯನ್ನು ತಟ್ಟಿ ಏನು ಪ್ರಯೋಜನ?

ಇಂಥ ಕಟ್ಟುಗಳಿಂದ ಅಭಿವೃದ್ಧಿ ನಿಧಾನವಾಗುತ್ತದೆ ಎಂಬುದು ಇನ್ನೊಂದು ವಾದ. ಶಿರೂರಿನ ಕುಸಿತದ ನಂತರ ಮಂಗಳೂರು–ಗೋವಾ ನಡುವಿನ ಸಂಚಾರ ದಿನಗಟ್ಟಲೆ ನಿಂತಿತು. ಅವಸರದಲ್ಲಿ ಉಳಿಸಿದ ದಿನಗಳು ಎಷ್ಟು, ಕಳೆದುಕೊಂಡ ದಿನಗಳು ಎಷ್ಟು ಎಂದು ಲಾರಿ ಮಾಲೀಕರನ್ನೇ ಕೇಳಬಹುದು. ಸತ್ತವರ ಲೆಕ್ಕ ಅದರಲ್ಲಿ ಸೇರಿಲ್ಲ.

ಇನ್ನು ಪ್ರಾಮಾಣಿಕ ಎಂಜಿನಿಯರರ ಮಾತು. ಬಿಹಾರದಲ್ಲಿ ಹೆದ್ದಾರಿ ಕಾಮಗಾರಿಯ ಅಕ್ರಮಗಳನ್ನು ಪ್ರಧಾನಿಗಳ ಕಚೇರಿಗೆ ಬರೆದು ತಿಳಿಸಿದ್ದ ಸತ್ಯೇಂದ್ರ ದುಬೆ 2003ರ ನವೆಂಬರ್ 27ರಂದು ಗಯಾದಲ್ಲಿ ಕೊಲೆಯಾದರು. ಇಂಥವರ ಬೆನ್ನಿಗೆ ಯಾವ ವೃತ್ತಿ ಮಂಡಳಿಯೂ ಇರಲಿಲ್ಲ. ಪರವಾನಗಿಯ ಕಾನೂನನ್ನು ಎಂಜಿನಿಯರರ ಕುತ್ತಿಗೆಗೆ ಹಾಕುವ ಹಗ್ಗವೆಂದು ತಿಳಿಯುವುದು ತಪ್ಪು. ‘ಈ ಧರೆಗೆ ನಾನು ಸಹಿ ಹಾಕಲಾರೆ, ಕಾನೂನು ಒಪ್ಪುವುದಿಲ್ಲ’ ಎಂದು ಮೇಲಧಿಕಾರಿಗೂ ಗುತ್ತಿಗೆದಾರನಿಗೂ ಹೇಳುವ ಬಲವನ್ನು ಕಿರಿಯ ಎಂಜಿನಿಯರನಿಗೆ ಕೊಡುವುದು ಅದೇ. ಇಂದು ಹಾಗೆಂದವನು ನೌಕರಿ ಕಳೆದುಕೊಳ್ಳುತ್ತಾನೆ, ಅವನ ಜಾಗಕ್ಕೆ ಸಹಿ ಹಾಕುವ ಇನ್ನೊಬ್ಬ ಬರುತ್ತಾನೆ. ಸಹಿ ಹಾಕಿದರೆ ಪರವಾನಗಿ ಹೋಗುತ್ತದೆಂದಾದರೆ ಆ ಇನ್ನೊಬ್ಬನೂ ಯೋಚಿಸುತ್ತಾನೆ.

ಆಗಬೇಕಾದದ್ದು

2025ರಲ್ಲಿ ಕೇಂದ್ರ ಸರ್ಕಾರ ವೃತ್ತಿಪರ ಎಂಜಿನಿಯರರ ನೋಂದಣಿಗಾಗಿ ಕರಡು ವಿಧೇಯಕವೊಂದನ್ನು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಕರಡುಗಳು ಹಿಂದೆಯೂ ಬಂದಿದ್ದವು, ಕಪಾಟು ಸೇರಿದ್ದವು. ದಿಲ್ಲಿಗಾಗಿ ಕಾಯಬೇಕಾಗಿಯೂ ಇಲ್ಲ: 2001ರ ಭೂಕಂಪದಲ್ಲಿ ಬಹುಮಹಡಿ ಕಟ್ಟಡಗಳು ನೆಲಕ್ಕುರುಳಿದ್ದನ್ನು ಕಂಡ ಗುಜರಾತ್, 2006ರಲ್ಲಿ ತನ್ನ ಸಿವಿಲ್ ಎಂಜಿನಿಯರರಿಗಾಗಿ ತಾನೇ ಕಾಯ್ದೆ ಮಾಡಿತು. ಕರ್ನಾಟಕಕ್ಕೆ ಶಿರೂರು ಸಾಲದೇ?

ಮಲೆನಾಡು ಮತ್ತು ಕರಾವಳಿಯ ಗ್ರಾಮಸಭೆಗಳು ನಾಲ್ಕು ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ಮುಂದಿಡಬೇಕು. ಗುಡ್ಡ ಕಡಿಯುವ, ಸೇತುವೆ ಕಟ್ಟುವ, ಅಣೆಕಟ್ಟು ನಿಲ್ಲಿಸುವ ಯಾವುದೇ ನಕ್ಷೆಗೆ ನೋಂದಾಯಿತ ಎಂಜಿನಿಯರನ ವೈಯಕ್ತಿಕ ಸಹಿ ಇರಬೇಕು. ಕಂಪನಿಯ ಮುದ್ರೆ ಸಾಲದು. ಆ ನಕ್ಷೆಯನ್ನು ಗುತ್ತಿಗೆದಾರರಿಂದ ಹಣ ಪಡೆಯದ ಇನ್ನೊಬ್ಬ ತಜ್ಞರು ಮರುಪರೀಕ್ಷಿಸಬೇಕು. ಕಡಿದ ಪ್ರತಿ ಧರೆಯ ಬುಡದಲ್ಲಿ ಅದರ ಎತ್ತರ, ಓರೆ, ಮಣ್ಣು ಪರೀಕ್ಷೆಯ ದಿನಾಂಕ, ಸಹಿ ಹಾಕಿದವರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಕನ್ನಡದಲ್ಲಿ ಬರೆದ ಫಲಕವಿರಬೇಕು. ಪ್ರತಿ ವರ್ಷ ಮೇ ತಿಂಗಳೊಳಗೆ ಧರೆಗಳ ತಪಾಸಣೆ ನಡೆದು ವರದಿ ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಅಂಟಬೇಕು.

ಕಾನೂನು ಬರುವವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾರೂ ಅರ್ಜಿ ಹಾಕಬಹುದು. ನಿಮ್ಮೂರಿನ ಧರೆ ಶೇಡಿಯದೋ ಗಟ್ಟಿ ಕಲ್ಲಿನದೋ ನೋಡಿರಿ. ಎತ್ತರ ಅಂದಾಜು ಮಾಡಿರಿ. ನೆತ್ತಿಯಲ್ಲಿ ಬಿರುಕಿದೆಯೇ, ಬುಡದಲ್ಲಿ ಹೊಸ ಒರತೆ ಎದ್ದಿದೆಯೇ ಗುರುತು ಹಾಕಿರಿ. ಆಮೇಲೆ ಕೇಳಿರಿ: ಇದರ ನಕ್ಷೆಗೆ ಸಹಿ ಹಾಕಿದವರ ಹೆಸರೇನು? ಶಿರಸಿ–ಕುಮಟಾ ರಸ್ತೆಯ ಅಗಲೀಕರಣಕ್ಕೆ ದೇವಿಮನೆ ಘಟ್ಟವನ್ನು ಕಡಿದ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕಾಗಿದೆ.

ಬಾಡದಿಂದಲೂ ಘಟ್ಟದ ಮೇಲಿನ ಹಳ್ಳಿಗಳಿಂದಲೂ ಪ್ರತಿ ವರ್ಷ ಮಕ್ಕಳು ಎಂಜಿನಿಯರಿಂಗ್ ಕಾಲೇಜಿಗೆ ಹೋಗುತ್ತಾರೆ. ಅಡಿಕೆ ಮಾರಿದ ಹಣದಲ್ಲಿ, ಮೀನು ಮಾರಿದ ಹಣದಲ್ಲಿ ತಂದೆತಾಯಂದಿರು ಅವರನ್ನು ಓದಿಸುತ್ತಾರೆ. ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುವ ಆ ವಿದ್ಯಾರ್ಥಿಗಳು ಆ ದಿನವೇ ತಮ್ಮ ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಎತ್ತಲಿ. ನಾಳೆ ಇನ್ನೊಂದು ಗುಡ್ಡದ ನಕ್ಷೆ ಅವರ ಮೇಜಿಗೇ ಬರಬಹುದು. ಅದರ ಬುಡದಲ್ಲಿ ಯಾರದೋ ಚಹಾದಂಗಡಿಯೂ ಇರಬಹುದು. ಅಂದು ಅವರು ತಮ್ಮ ಪೂರ್ಣ ಹೆಸರನ್ನು, ಊರಿನ ಹೆಸರನ್ನೂ ಸೇರಿಸಿ, ಅಂಜದೆ ಬರೆಯುವಂತಹ ನಕ್ಷೆಗೆ ಮಾತ್ರ ಸಹಿ ಹಾಕಲಿ.